ಭಯಾನಕರಸವೂ ಪೀಟರ್ ಕುಷಿಂಗನೂ

ಭೂತಪ್ರೇತಗಳ ಚಲನಚಿತ್ರವೆಂದೊಡನೆ ಮೂಗು ಮುರಿಯುವುದು ಪಂಡಿತರ ವಾಡಿಕೆ. ನಾನೂ ಅವರಲ್ಲೊಬ್ಬನಾಗಿದ್ದೆನು. ಮೊಮ್ಮಗನ ಒತ್ತಾಯಕ್ಕೆ ಕಟ್ಟುಬಿದ್ದು ಆಂಗ್ಲನಟ ಪೀಟರ್ ಕುಷಿಂಗನ (1913–1994) ಕೆಲವು ಚಿತ್ರಗಳನ್ನು ನೋಡಿದ ತರುವಾಯ ಆ ತಿರಸ್ಕಾರವನ್ನು ಹಿಂದೆಗೆದುಕೊಳ್ಳಬೇಕಾಗಿ ಬಂದಿತು.

ಸರ್ರೆ ಪ್ರಾಂತದಲ್ಲಿ ಜನಿಸಿದ ಈತನು 1939ರಲ್ಲಿ ಹಾಲಿವುಡ್ಡಿಗೆ ಹೋಗಿ, ಸಣ್ಣಪುಟ್ಟ ಪಾತ್ರಗಳನ್ನು ವಹಿಸಿ, ಸ್ವದೇಶಕ್ಕೆ ಮರಳಿದನು. 1948ರಲ್ಲಿ ಆಲಿವಿಯರನ ‘ಹ್ಯಾಮ್ಲೆಟ್’ ಚಿತ್ರದಲ್ಲಿ ಆಸ್ರಿಕ್ ಎಂಬ ಡಂಭದ ಆಸ್ಥಾನಿಕನಾದನು. ಆದರೆ ಆತನನ್ನು ಮನೆಮಾತಾಗಿಸಿದುದು ದೂರದರ್ಶನ. 1954ರ ಡಿಸೆಂಬರ್ 12ರಂದು ಬಿ.ಬಿ.ಸಿ.ಯವರು ಜಾರ್ಜ್ ಆರ್ವೆಲ್ಲನ ‘1984’ ಕಾದಂಬರಿಯ ನಾಟಕರೂಪವನ್ನು ನೇರವಾಗಿ ಪ್ರಸಾರಮಾಡಿದರು. ತಪ್ಪಿದರೆ ತಿದ್ದಿಕೊಳ್ಳುವಂತಿಲ್ಲ, ನಮ್ಮ ರಂಗಭೂಮಿಯಂತೆಯೇ. ನಾಟಕವು ಕ್ರೂರವಾಯಿತೆಂದು ಪಾರ್ಲಿಮೆಂಟಿನಲ್ಲಿಯೂ ಚರ್ಚೆಯೆದ್ದಿತು. 16ರಂದು ನಟವರ್ಗವು ಸಮಗ್ರ ನಾಟಕವನ್ನು ಮತ್ತೊಮ್ಮೆ ಆಡಿತು. ಇಂದು ನೋಡಲು ಸಿಕ್ಕುವುದು ಆ ಎರಡನೆಯ ಪ್ರಯೋಗದ ಮುದ್ರಣ.

ಅದರಲ್ಲಿ ಇಲಿಗಳ ಪಂಜರವನ್ನು ನಾಯಕನ ಮುಖದೆದುರಿಗೆ ತರುವ ಸನ್ನಿವೇಶವೊಂದುಂಟು. ಇಲಿಗಳೇನೋ ಬಡಪಾಯಿ ಪ್ರಾಣಿಗಳು. ಭಯವೆಲ್ಲ ಇರುವುದು ಕುಷಿಂಗನ ಮುಖದಲ್ಲಿ. ಸ್ತಂಭ, ವೈವರ್ಣ್ಯ, ಸ್ವರಭಂಗ ಎಂದು ಭರತಮುನಿಯು ಎಣಿಸಿದ ಸಾತ್ತ್ವಿಕಭಾವಗಳು, ಆ ಹೆಸರುಗಳನ್ನೇ ಕೇಳದಿದ್ದಿರಬಹುದಾದ ನಟನೊಬ್ಬನಲ್ಲಿ ಒಂದರ ಮೇಲೊಂದು ಮೂಡುವುದನ್ನು ಕಂಡು ನಾನು ಬೆರಗಾದೆನು.

1957ರಲ್ಲಿ ಹ್ಯಾಮರ್ ಸಂಸ್ಥೆಯವರ ‘ದಿ ಕರ್ಸ್ ಆಫ್ ಫ್ರಾಂಕೆನ್‌ಸ್ಟೈನ್’ ಬಂದಿತು. ವಿಕಾರವೇಷವೆಲ್ಲ ಕ್ರಿಸ್ಟೋಫರ್ ಲೀಯ ಪಾಲಿಗೆ. ಕುಷಿಂಗನಾದರೋ ಸಭ್ಯನಾದ ವಿಜ್ಞಾನಿ. ಕೈಗಂಟಿದ ರಕ್ತವನ್ನು ಅನ್ಯಮನಸ್ಕನಾಗಿ ಕೋಟಿಗೆ ಒರಸಿಕೊಂಡು ಕೆಲಸವನ್ನು ಮುಂದುವರಿಸುತ್ತಾನೆ. ಆ ರಾಕ್ಷಸನ ಮೋರೆಗಿಂತ ಈ ಒರಸುವಿಕೆಯೇ ನನ್ನನ್ನು ನಡುಗಿಸಿತು. ಆಹಾರ್ಯಾಭಿನಯಕ್ಕೂ ಸಾತ್ತ್ವಿಕಾಭಿನಯಕ್ಕೂ ಇರುವ ತಾರತಮ್ಯವನ್ನು ವಿದ್ಯಾರ್ಥಿಗಳಿಗೆ ತಿಳಿಸಲು ನಾನು ಇಷ್ಟು ವರ್ಷ ಪಟ್ಟ ಪಾಡು ವ್ಯರ್ಥವೆನಿಸಿತು; ಇದೊಂದನ್ನು ತೋರಿಸಿದ್ದರೆ ಸಾಕಾಗಿತ್ತು.

ಆತನ ಚಿತ್ರಗಳೆಲ್ಲ ಉತ್ತಮವೆಂದು ನಾನು ಹೇಳಲಾರೆ. ಮುಂದೆ ಒಪ್ಪಿಕೊಂಡವುಗಳಲ್ಲಿ ಹಲವು ಸತ್ತ್ವಹೀನ ಕಥೆಗಳು. 1971ರಲ್ಲಿ ಪತ್ನಿ ಹೆಲೆನ್ ತೀರಿಕೊಂಡಳು. ಮರುವರ್ಷದ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’ ಚಿತ್ರದಲ್ಲಿ ಆತನು ಮಡದಿಯನ್ನು ಕಳೆದುಕೊಂಡ ವೃದ್ಧನಾಗಿ ಬರುತ್ತಾನೆ. ಅಲ್ಲಿ ಭಯಾನಕವು ಹಿಂದೆ ಸರಿದು ಕರುಣವೇ ಉಳಿಯುತ್ತದೆ. ಅದನ್ನು ಕುರಿತು ಹೆಚ್ಚು ಬರೆಯಲು ಮನಸ್ಸಾಗದು.

1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಆತನು ಲೋಕವೊಂದನ್ನೇ ಭಸ್ಮಮಾಡಿಸುವ ಟಾರ್ಕಿನ್ ಎಂಬ ಅಧಿಕಾರಿ. ಕೊಟ್ಟ ಬೂಟುಗಳು ಬಿಗಿಯಾದುದರಿಂದ ಅನೇಕ ದೃಶ್ಯಗಳಲ್ಲಿ ಮನೆಯ ಚಪ್ಪಲಿಯನ್ನೇ ಮೆಟ್ಟಿದ್ದನಂತೆ. ಕಾಲಲ್ಲಿ ಚಪ್ಪಲಿ, ಕಣ್ಣಲ್ಲಿ ಯಮ!

2016ರ ‘ರೋಗ್ ಒನ್’ ಚಿತ್ರದಲ್ಲಿ ಅದೇ ಪಾತ್ರವು ಪುನಃ ಬರುತ್ತದೆ. ಗೈ ಹೆನ್ರಿ ಎಂಬ ನಟನ ಅಭಿನಯದ ಮೇಲೆ ಗಣಕಯಂತ್ರದಿಂದ ಮೃತ ಕುಷಿಂಗನ ಮುಖವನ್ನು ಹೊದಿಸಿದ್ದಾರೆ. ಕಪೋಲದ ಗುಳಿ, ತುಟಿಯ ಬಿಗುಪು ಯಾವುದಕ್ಕೂ ಕೊರತೆಯಿಲ್ಲ. ಇಷ್ಟು ಪರಿಪೂರ್ಣವಾದ ಆಹಾರ್ಯವನ್ನು ನಾನು ಕಂಡಿಲ್ಲ. ಆದರೂ ನನಗೆ ಕಿಂಚಿತ್ತೂ ಭಯವಾಗಲಿಲ್ಲ. 1954ರದನ್ನೇ ಇನ್ನೊಮ್ಮೆ ಹಾಕೆಂದು ಮೊಮ್ಮಗನಿಗೆ ಹೇಳಿದೆನು.