ಫೈಲಿನ ಹೆಸರು ಮತ್ತು ಓತ್ವದ ವಿಚಾರ

ಗಣಕಯಂತ್ರದಲ್ಲಿ ಗ್ರಂಥಗಳನ್ನು ಕನ್ನಡದ ಹೆಸರಿನಿಂದಲೇ ಶೇಖರಿಸುವವರಿಗೆ ಒಂದು ವಿಚಿತ್ರವಾದ ತೊಡಕು ಎದುರಾಗುವುದುಂಟು. ಎರಡನೆಯ ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ವು ಹುಡುಕಿದೊಡನೆ ದೊರೆಯುವುದು, ಆತನದೇ ಆದ ‘ಕಾವ್ಯಾವಲೋಕನ’ವಾದರೋ ಕಣ್ಣೆದುರಿಗೆ ಕಾಣುತ್ತಿದ್ದರೂ ಇಲ್ಲವೆಂದು ಯಂತ್ರವು ಹೇಳಬಹುದು. ಕಾರಣವಿರುವುದು ‘ಲೋ’ ಎಂಬ ಅಕ್ಷರದಲ್ಲಿ.

ಯೂನಿಕೋಡ್ ಪದ್ಧತಿಯಲ್ಲಿ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ನೋಟಕ್ಕೆ ಭೇದವಿಲ್ಲ. ಯುಟಿಎಫ್-೮ ಎಂಬ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ೩ ಬೈಟುಗಳಾದುದರಿಂದ ‘ಕಾವ್ಯಾವಲೋಕನ’ವು ಕೂಡಿದ ರೂಪದಲ್ಲಿ ೩೩, ಬಿಡಿಸಿದ ರೂಪದಲ್ಲಿ ೩೯ ಬೈಟುಗಳಾಗುವುದು. ಆಪಲ್ ಸಂಸ್ಥೆಯು ೧೯೯೮ರಲ್ಲಿ ಹೊರತಂದ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಲಿನಕ್ಸ್ ಬಂದ ಬೈಟುಗಳನ್ನು ಬಂದಂತೆಯೇ ಇಡುವುದು. ಅಲ್ಲಿಂದ ಇಲ್ಲಿಗೆ ತಂದ ಹೆಸರು ಬಿಡಿಸಿದಂತೆಯೇ ಉಳಿದು, ನಾವು ಕೀಲಿಮಣೆಯಿಂದ ಮೂಡಿಸುವ ಕೂಡಿದ ರೂಪಕ್ಕೆ ಹೊಂದದು. ಒಂದೇ ಫೋಲ್ಡರಿನಲ್ಲಿ ಎರಡು ‘ಕಾವ್ಯಾವಲೋಕನ’ಗಳು ಅಕ್ಕಪಕ್ಕದಲ್ಲಿರುವುದೂ ಸಾಧ್ಯ. ಅವುಗಳಲ್ಲಿ ಪರಿಷ್ಕೃತಪಾಠ ಯಾವುದೆಂದು ಹೆಸರಿನಿಂದ ತಿಳಿಯುವ ಬಗೆಯೇನು?

ಈ ವಿಭಾಗವು ವ್ಯಾಕರಣಸಮ್ಮತವೇ? ಸಂಸ್ಕೃತದಲ್ಲಿ ಓಕಾರವು ಅಕಾರ ಉಕಾರಗಳು ಕೂಡಿ ಆದ ಸಂಧ್ಯಕ್ಷರ. ಕನ್ನಡದಲ್ಲಿ ಹ್ರಸ್ವವಾದ ಒಕಾರವೇ ಉಂಟಾದ್ದರಿಂದ ಅದರ ದೀರ್ಘವೇ ಓಕಾರವೆನ್ನುವುದು ಯುಕ್ತ. ಆದರೆ ಒಕಾರವನ್ನು ಎಕಾರ ಊಕಾರಗಳಾಗಿ ಒಡೆಯಲು ವರ್ಣಶಾಸ್ತ್ರದಲ್ಲಿ ಎಡೆಯೇ ಇಲ್ಲ. ಇದು ಬರೆಹದ ಆಕಾರವನ್ನು ನೋಡಿ ಮಾಡಿದ ವಿಭಾಗ. ಅಚ್ಚುಮೊಳೆ ಜೋಡಿಸುವವನಿಗೆ ಸಲ್ಲತಕ್ಕದ್ದು. ಆದರೂ ದೋಷವನ್ನು ಯೂನಿಕೋಡಿನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಎರಡು ರೂಪಗಳೂ ಸಮಾನವೆಂದು ಅದರ ನಿಯಮವೇ ವಿಧಿಸಿದೆ. ಆ ವಿಧಿಗೆ ಕಿವಿಗೊಡದವು ಫೈಲುಗಳನ್ನಿಡುವ ಏರ್ಪಾಡುಗಳು.

ಹೆಸರೆಂಬುದು ಬೈಟುಗಳ ಸಾಲು ಮಾತ್ರ, ಅದರ ವರ್ಣಗಳ ಗೊಡವೆ ಯಂತ್ರಕ್ಕೇಕೆ ಎಂದು ಪೂರ್ವಪಕ್ಷ. ಇದು ಯಂತ್ರಕರ್ತರಿಗೆ ಸರಳವಾದ ಮಾರ್ಗವೆಂಬುದು ದಿಟ. ಆದರೆ ಹೆಸರಿಡುವವನೂ ಹುಡುಕುವವನೂ ಮನುಷ್ಯರಷ್ಟೆ. ಅವರು ಬೈಟುಗಳನ್ನು ಓದುವವರಲ್ಲ. ೨೦೧೭ರಲ್ಲಿ ಮ್ಯಾಕ್ ಯಂತ್ರಗಳಿಗೆ ಬಂದ ಎಪಿಎಫ್‌ಎಸ್ ಬರೆದ ರೂಪವನ್ನು ಉಳಿಸಿಯೂ ಹುಡುಕುವಾಗ ಎರಡನ್ನೂ ಒಂದೆಂದೇ ಎಣಿಸುವುದು. ಲಿನಕ್ಸಿನ ಎಕ್ಸ್‌ಟಿ೪ರಲ್ಲಿಯೂ ೨೦೧೯ರಿಂದ ಬೇಕಾದ ಫೋಲ್ಡರಿಗೆ ಇಂತಹ ವ್ಯವಸ್ಥೆಯನ್ನು ಮಾಡಿಕೊಳ್ಳಬಹುದು. ತಾನಾಗಿ ಅದು ನಡೆಯದು.

ಇಂಗ್ಲಿಷ್ ಅಕ್ಷರದಲ್ಲಿಯೇ ಹೆಸರಿಡಿರೆಂದು ಕೆಲವರು ಸುಲಭೋಪಾಯವನ್ನು ಬೋಧಿಸುವರು. ಚಿಹ್ನೆಗಳಿಲ್ಲದ ಆ ಲಿಪಿಯಲ್ಲಿ ಕಲೆಯೂ ಕಳೆಯೂ ಒಂದೇ, ಮನೆಯೂ ಮಣೆಯೂ ಒಂದೇ! ಈಗ ಒಂದು ಹೆಸರು ಎರಡಾಗುತ್ತಿದ್ದರೆ, ಆಗ ಎರಡು ಹೆಸರುಗಳು ಒಂದಾಗುವುವು. ಇದಕ್ಕಿಂತ, ಗ್ರಂಥಭಂಡಾರಗಳವರು ಹಳೆಯ ಹೆಸರುಗಳನ್ನೆಲ್ಲ ಎನ್‌ಎಫ್‌ಸಿ ಎಂಬ ಕೂಡಿದ ರೂಪಕ್ಕೆ ತಂದು, ಬಳಿಕವೇ ಪಟ್ಟಿಗೆ ಸೇರಿಸತಕ್ಕದ್ದು.