ತಿರುಗಾಟದ ಆಟಗಾರ

ಇಂಗ್ಲಿಷಿನ ಕ್ರೀಡಾ ಬರವಣಿಗೆಯಲ್ಲಿ ‘ಜರ್ನಿಮನ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೇಳಿದ ಕೂಡಲೇ ಪ್ರಯಾಣ ನೆನಪಾಗುತ್ತದೆ. ಆದರೆ ಪದದ ಬೇರು ‘ದಿನ’ ಎಂಬರ್ಥದ ಫ್ರೆಂಚ್ ಮಾತಿನಲ್ಲಿದೆ. ಕಸುಬು ಕಲಿತಿದ್ದಾನೆ, ಸ್ವಂತ ಅಂಗಡಿ ಹಾಕಿಲ್ಲ, ದಿನದ ಲೆಕ್ಕದಲ್ಲಿ ಇನ್ನೊಬ್ಬರ ಬಳಿ ದುಡಿಯುತ್ತಾನೆ, ಅವನು ಜರ್ನಿಮನ್. ಆಟದಲ್ಲಿ ಈ ಹೆಸರು ಸಲ್ಲುವುದು ಒಪ್ಪಂದ ಹಿಡಿದು ತಂಡದಿಂದ ತಂಡಕ್ಕೆ, ಕೆಲವೊಮ್ಮೆ ದೇಶದಿಂದ ದೇಶಕ್ಕೆ ಹೋಗುವ, ಕೆಲಸ ಬಲ್ಲ, ಆದರೆ ತಾರೆಯಲ್ಲದ ಆಟಗಾರರಿಗೆ. ಕನ್ನಡದ ಕ್ರೀಡಾಪುಟಗಳಲ್ಲಿ ಇಂಥವರಿಗೆ ಹೆಸರಿಲ್ಲ. ಹೆಸರಿಲ್ಲದ ಕಾರಣ ಅವರ ಕತೆ ಹೇಳುವ ಕ್ರಮವೂ ನಮಗೆ ರೂಢಿಯಾಗಿಲ್ಲ ಎಂಬುದು ನನ್ನ ತಕರಾರು.

ಉದಾಹರಣೆಗೆ ನೊಸ್ತುಷ್ ಕೆಂಜಿಗೆ. 2024ರ ಜೂನ್ 6ರಂದು ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ತಂಡ ಸೂಪರ್ ಓವರ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿದಾಗ ಈ ಎಡಗೈ ಸ್ಪಿನ್ನರ್ 30 ರನ್ನಿಗೆ 3 ವಿಕೆಟ್ ಪಡೆದಿದ್ದರು. ಶಾದಾಬ್ ಖಾನ್ ಮತ್ತು ಆಜಂ ಖಾನ್ ಅವರನ್ನು ಸತತ ಎರಡು ಎಸೆತಗಳಲ್ಲಿ ಔಟ್ ಮಾಡಿದ್ದರು. ಮರುದಿನ ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಕನ್ನಡಿಗ! ಪಾಕಿಸ್ತಾನವನ್ನು ಮಣಿಸಿದ ನಮ್ಮ ಹುಡುಗ! ಅಭಿಮಾನದ ಬಗ್ಗೆ ನನ್ನ ಆಕ್ಷೇಪವಿಲ್ಲ. ಆದರೆ ಆ ಒಂದು ರಾತ್ರಿಯ ಹಿಂದೆಮುಂದೆ ಇರುವುದೇ ಅವರ ವೃತ್ತಿಜೀವನ. ಅದನ್ನು ನಾವು ಓದಲೇ ಇಲ್ಲ.

ಅವರು ಹುಟ್ಟಿದ್ದು 1991ರಲ್ಲಿ ಅಮೆರಿಕದ ಅಲಬಾಮಾದಲ್ಲಿ. ಚಿಕ್ಕಂದಿನಲ್ಲೇ ಭಾರತಕ್ಕೆ ಬಂದರು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತ ಅಲ್ಲಿನ ಲೀಗ್ ಕ್ರಿಕೆಟ್ ಆಡಿದರು. ಕರ್ನಾಟಕ ತಂಡದ ಬಾಗಿಲು ತೆರೆಯಲಿಲ್ಲ. 2015ರಲ್ಲಿ ಮತ್ತೆ ಅಮೆರಿಕಕ್ಕೆ ಹೋದರು, ಉದ್ಯೋಗದ ಜತೆ ಆಟ ಹಿಡಿದರು. 2019ರ ಡಿಸೆಂಬರ್‌ನಲ್ಲಿ ಶಾರ್ಜಾದಲ್ಲಿ ಮೊದಲ ಏಕದಿನ ಪಂದ್ಯ. 2023ರಲ್ಲಿ ಮೇಜರ್ ಲೀಗ್ ಕ್ರಿಕೆಟ್ ಶುರುವಾದಾಗ ಎಂಐ ನ್ಯೂಯಾರ್ಕ್ ತಂಡ. 2024ರ ವಿಶ್ವಕಪ್‌ನಲ್ಲೂ ಕೆನಡಾ ವಿರುದ್ಧದ ಮೊದಲ ಪಂದ್ಯದ ಹನ್ನೊಂದರಲ್ಲಿ ಅವರಿರಲಿಲ್ಲ. ಎರಡನೆಯದರಲ್ಲಿ ಇನ್ನೊಬ್ಬರ ಜಾಗಕ್ಕೆ ಬಂದರು. ಆ ಜಾಗ ಸಿಗದಿದ್ದರೂ ಅವರು ಕಲಿತ ಕಸುಬು ಅಷ್ಟೇ ಇರುತ್ತಿತ್ತು, ‘ನಮ್ಮ ಹುಡುಗ’ ಮಾತ್ರ ಇರುತ್ತಿರಲಿಲ್ಲ.

ಇದು ಕನ್ನಡದ ದೋಷ ಮಾತ್ರವಲ್ಲ. ಪಂಜಾಬಿನ ಬಾಸ್ಕೆಟ್‌ಬಾಲ್ ಆಟಗಾರ ಸತ್ನಾಮ್ ಸಿಂಗ್ 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್ ತಂಡದ ಪಾಲಿಗೆ 52ನೆಯವರಾಗಿ ಆಯ್ಕೆಯಾದರು. ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲಿಗರು ಅವರು. ಅವರ ಕುರಿತು 2016ರಲ್ಲಿ ಬಂದ ‘ಒನ್ ಇನ್ ಎ ಬಿಲಿಯನ್’ ಸಾಕ್ಷ್ಯಚಿತ್ರಕ್ಕೆ ಬೇಕಾದದ್ದು ಆ ಆಯ್ಕೆಯ ಕಡೆಗಿನ ಏರುದಾರಿ. ಸತ್ನಾಮ್ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಕೆಳಗಿನ ಹಂತದ ಟೆಕ್ಸಸ್ ಲೆಜೆಂಡ್ಸ್, ಮತ್ತೆ ಭಾರತ, 2018ರಲ್ಲಿ ಕೆನಡಾದ ಸೇಂಟ್ ಜಾನ್ಸ್ ಎಡ್ಜ್, ಉದ್ದೀಪನ ಮದ್ದಿನ ಪ್ರಕರಣದಲ್ಲಿ ಎರಡು ವರ್ಷದ ನಿಷೇಧ, ಆಮೇಲೆ ಅಮೆರಿಕದ ವೃತ್ತಿಪರ ಕುಸ್ತಿಯ ಅಖಾಡ. ಕಾದಂಬರಿಕಾರನಿಗೆ ಕತೆ ಶುರುವಾಗುವುದೇ ಇಲ್ಲಿಂದ. ಗೆಲುವಿನ ನಿರೂಪಣೆಗೆ ಮಾತ್ರ ಇದು ಮುಚ್ಚಿಡಬೇಕಾದ ಅನುಬಂಧ.

ಹಾಗಾದರೆ ಈ ಬದುಕನ್ನು ಬರೆಯುವುದು ಹೇಗೆ? ಮಾದರಿಗಾಗಿ ನಾವು ದೂರ ಹೋಗಬೇಕಿಲ್ಲ. ನಾನು ಸಂಶೋಧನೆ ಮಾಡುತ್ತಿರುವ ಕೊಣಾಜೆಯ ಸುತ್ತ, ಇಡೀ ಉಳ್ಳಾಲ ತಾಲೂಕಿನಲ್ಲಿ, ಯಕ್ಷಗಾನ ಮೇಳಗಳ ಆಟ ನೋಡದ ಊರಿಲ್ಲ. ದೀಪಾವಳಿ ಕಳೆದು ಹೊರಟ ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ಊರೂರು ಸುತ್ತುತ್ತದೆ. ಅದಕ್ಕೆ ನಮ್ಮಲ್ಲಿ ‘ತಿರುಗಾಟ’ ಎಂಬ ಚಂದದ ಪದವಿದೆ. ಕಲಾವಿದರನ್ನು ಪರಿಚಯಿಸುವಾಗ ಇಂಥ ಮೇಳದಲ್ಲಿ ಇಷ್ಟು ವರ್ಷ, ಅಲ್ಲಿಂದ ಇಂಥ ಮೇಳಕ್ಕೆ ಎಂದು ಹೇಳುತ್ತೇವೆ. ಮೇಳ ಬದಲಾಯಿಸಿದ್ದು ಸೋಲಲ್ಲ. ಕೋಡಂಗಿ, ಬಾಲಗೋಪಾಲ, ನಿತ್ಯವೇಷಗಳಿಂದ ಮೇಲೆ ಬಂದದ್ದು ದಾಖಲಾಗುತ್ತದೆ. ಪುಂಡುವೇಷ, ಸ್ತ್ರೀವೇಷ, ಬಣ್ಣದ ವೇಷ, ಹಾಸ್ಯ ಎಂದು ಪ್ರತಿ ಕೆಲಸಕ್ಕೂ ಹೆಸರಿದೆ, ಅದರದೇ ಮಾನದಂಡವಿದೆ. ಹಾಸ್ಯಗಾರನನ್ನು ಕಿರೀಟ ವೇಷದ ಅಳತೆಯಲ್ಲಿ ಯಾರೂ ಅಳೆಯುವುದಿಲ್ಲ. ಸೋಮೇಶ್ವರದ ಅಮೃತ ಸೋಮೇಶ್ವರರಂಥವರು ಪ್ರಸಂಗ ಬರೆಯುತ್ತಲೇ ಅಧ್ಯಯನವನ್ನೂ ಮಾಡಿದ್ದರಿಂದ ಈ ಪರಿಭಾಷೆ ಚೌಕಿಯಿಂದ ಪುಸ್ತಕಕ್ಕೂ ಬಂತು.

ಈ ಕಣ್ಣಿನಿಂದ ನೋಡಿದರೆ ಕೆಂಜಿಗೆಯವರ ಆ ಪಂದ್ಯ ಬೇರೆಯೇ ಕಾಣುತ್ತದೆ. ಬಾಬರ್ ಆಜಂ ಮತ್ತು ಶಾದಾಬ್ ಜತೆಯಾಟ ಬೆಳೆಯುತ್ತಿದ್ದಾಗ ಅದನ್ನು ಮುರಿದವರು ಅವರು. ಸೂಪರ್ ಓವರ್ ಎಸೆದವರು ಸೌರಭ್ ನೇತ್ರಾವಲ್ಕರ್. ಪ್ರಸಂಗದ ಕೊನೆಯ ಪದ ಯಾರಿಗೋ, ನಡುವಿನ ಸನ್ನಿವೇಶ ಕಟ್ಟಿಕೊಟ್ಟವರು ಇನ್ಯಾರೋ. ಮೇಳದ ಪ್ರೇಕ್ಷಕನಿಗೆ ಈ ವ್ಯತ್ಯಾಸ ಗೊತ್ತು. ನಮ್ಮ ಕ್ರೀಡಾ ವರದಿಗೆ ಗೊತ್ತಿದ್ದಂತಿಲ್ಲ.

ಹೋಲಿಕೆಗೆ ಮಿತಿಯಿದೆ. ಮೇಳದ ಕಲಾವಿದ ಎಲ್ಲಿ ಹೋದರೂ ಅವನ ಮಾತು ಬಲ್ಲ ಜನರಿರುತ್ತಾರೆ. ಪರದೇಶದ ಒಪ್ಪಂದದ ಆಟಗಾರನಿಗೆ ಆ ಆಸರೆಯಿಲ್ಲ. ತಿರುಗಾಟವನ್ನು ಚಂದವಾಗಿ ಹೇಳುವ ಭರದಲ್ಲಿ ಸಂಬಳದ ಮಾತು ಮರೆಯುವ ಅಪಾಯವೂ ಇದೆ. ಇನ್ನೊಂದು ಮಾತು: ಕೆಂಜಿಗೆಯವರಿಗೆ ದಾರಿ ತೆರೆದದ್ದು ಅವರ ಎಡಗೈ ಮಾತ್ರವಲ್ಲ, ಹುಟ್ಟಿನಿಂದ ಬಂದ ಪೌರತ್ವ ಕೂಡ. ಅವರು ಮೊದಲ ಏಕದಿನ ಆಡಿದ ಶಾರ್ಜಾದಂಥ ಊರುಗಳಿಗೆ ಉಳ್ಳಾಲದ ಎಷ್ಟೋ ಮನೆಗಳಿಂದ ಜನ ದುಡಿಯಲು ಹೋಗಿದ್ದಾರೆ. ದಶಕಗಟ್ಟಲೆ ದುಡಿದರೂ ಅವರು ಅಲ್ಲಿ ವೀಸಾದ ಮೇಲಿದ್ದವರೇ. ‘ಕನ್ನಡಿಗ’ ಎಂಬ ಒಂದೇ ಪದದಲ್ಲಿ ಈ ಎರಡು ಬಗೆಯ ವಲಸೆಯನ್ನೂ ಕಟ್ಟಿಬಿಟ್ಟರೆ ಎರಡೂ ಮಸುಕಾಗುತ್ತವೆ.

ಇದೆಲ್ಲ ಕ್ರೀಡಾಪುಟದ ಸಣ್ಣ ಸಂಗತಿ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ನನ್ನ ಜತೆ ಎಂ.ಎ. ಮುಗಿಸಿದ ಗೆಳೆಯರಲ್ಲಿ ಹಲವರು ಅತಿಥಿ ಉಪನ್ಯಾಸಕರು. ಈ ವರ್ಷ ಒಂದು ಕಾಲೇಜು, ಬರುವ ವರ್ಷ ಇನ್ನೊಂದು, ನಡುವೆ ಸಂಬಳವಿಲ್ಲದ ತಿಂಗಳುಗಳು. ಊರಿನಲ್ಲಿ ಯಾರಾದರೂ ‘ಈಗ ಏನು ಮಾಡ್ತಾ ಇದ್ದೀಯಾ ಮಾರಾಯ?’ ಎಂದು ಕೇಳಿದರೆ, ಖಾಯಂ ಆಗುವ ತನಕ ಹೇಳಲು ಏನೂ ಇಲ್ಲವೆಂಬಂತೆ ಅವರು ತಲೆ ತಗ್ಗಿಸುತ್ತಾರೆ. ಅಷ್ಟು ವರ್ಷ ಚೆನ್ನಾಗಿ ಮಾಡಿದ ಪಾಠಗಳು ಲೆಕ್ಕಕ್ಕೆ ಬರುವುದಿಲ್ಲ. ಗೆದ್ದ ದಿನ ಮಾತ್ರ ಕತೆ ಎಂದು ನಂಬಿದ ಭಾಷೆ ಇವರ ಬದುಕನ್ನೂ ಖಾಲಿ ಮಾಡುತ್ತದೆ.

ಕೆಂಜಿಗೆಯವರ ಬಗ್ಗೆ ಕನ್ನಡದಲ್ಲಿ ಒಂದು ಉದ್ದನೆಯ ಬರಹ ಬರಲಿ. ಅದರಲ್ಲಿ ಪಾಕಿಸ್ತಾನದ ಪಂದ್ಯ ಒಂದೆರಡು ಪುಟ ಸಾಕು. ಉಳಿದದ್ದು ಬೆಂಗಳೂರಿನ ಲೀಗ್ ಮೈದಾನ, ಅಮೆರಿಕದ ಉದ್ಯೋಗ, ಬೆಂಚಿನ ಮೇಲೆ ಕೂತ ಪಂದ್ಯಗಳು, ಒಪ್ಪಂದದ ಲೆಕ್ಕ, ವಯಸ್ಸಾಗುವ ಭುಜ ಇವುಗಳಿಗೆ ಮೀಸಲಾಗಲಿ. ತಲೆಬರಹದಲ್ಲಿ ‘ಕನ್ನಡಿಗ’ ಬೇಡ, ‘ತಿರುಗಾಟ’ ಇರಲಿ.