ಕಲ್ಲು, ಕೆರೆ, ಹೊಸ್ತಿಲು: ನಮ್ಮ ಸಾಹಿತ್ಯದಲ್ಲಿ ಕ್ಷೇತ್ರದರ್ಶನ

ಸಂಕ್ರಾಂತಿಯ ದಿನಗಳಲ್ಲಿ ಸೊಲ್ಲಾಪುರದ ಬೀದಿಗಳಲ್ಲಿ ಏಳು ನಂದಿಧ್ವಜಗಳು ಹೊರಡುತ್ತವೆ. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಅವುಗಳನ್ನು ಎತ್ತಿ ಹಿಡಿದು, ಸಿದ್ಧರಾಮರು ಊರ ಸುತ್ತ ಸ್ಥಾಪಿಸಿದರೆಂದು ನಂಬಲಾಗಿರುವ 68 ಲಿಂಗಗಳಿಗೆ ಪ್ರದಕ್ಷಿಣೆ ಹೋಗುತ್ತಾರೆ. ಈ ಭಾಗದ ಕನ್ನಡದ ಮನೆಗಳಲ್ಲಿ ಆ ಜಾತ್ರೆಯನ್ನು ಕಾಣದವರು ವಿರಳ. ಅದೇ ನಾವು ಬಸವ ಜಯಂತಿಯ ವೇದಿಕೆಯನ್ನೇರಿದಾಗ, ದೇವರನ್ನು ಕಟ್ಟಡದಲ್ಲಿ ಹುಡುಕಬೇಕಾಗಿಲ್ಲ, ಮನುಷ್ಯನ ಒಡಲೇ ಗುಡಿ ಎಂಬ ವಚನಕಾರರ ನಿಲುವನ್ನು ಮನಃಪೂರ್ವಕವಾಗಿ ಎತ್ತಿ ಆಡುತ್ತೇವೆ. ಜಾತ್ರೆಯಲ್ಲಿ ನಡೆಯುವವರೂ ವೇದಿಕೆಯ ಮೇಲೆ ಮಾತನಾಡುವವರೂ ನಾವೇ. ಈ ಎರಡರ ನಡುವಿನ ಸಂಬಂಧವೇನು?

ನಮ್ಮ ವಿಮರ್ಶೆ ಈ ಪ್ರಶ್ನೆಗೆ ಬಹುಕಾಲದಿಂದ ಒಂದು ಸುಲಭವಾದ ಉತ್ತರವನ್ನು ಕೊಡುತ್ತ ಬಂದಿದೆ. ಕ್ಷೇತ್ರವನ್ನು ನಿರಾಕರಿಸಿದ ಸಾಹಿತ್ಯ ಪ್ರಗತಿಪರ, ಕ್ಷೇತ್ರವನ್ನು ಹಾಡಿದ ಸಾಹಿತ್ಯ ಸಾಂಪ್ರದಾಯಿಕ. ಮೊದಲನೆಯದು ಚಿಂತನೆ, ಎರಡನೆಯದು ಬರಿಯ ಮಹಾತ್ಮ್ಯೆ. ಈ ವಿಭಜನೆ ಎಷ್ಟು ಸಡಿಲವಾದುದೆಂಬುದನ್ನು ತಿಳಿಯಲು ನಮ್ಮ ಸೊನ್ನಲಿಗೆಯ ಕಥೆಯೊಂದೇ ಸಾಕು.

ಹದಿಮೂರನೆಯ ಶತಮಾನದ ರಾಘವಾಂಕನು ‘ಸಿದ್ಧರಾಮ ಚಾರಿತ್ರ’ದಲ್ಲಿ ಬಾಲಕ ಸಿದ್ಧರಾಮನ ಶ್ರೀಶೈಲ ಯಾತ್ರೆಯನ್ನು ನಿರೂಪಿಸಿದ್ದಾನೆ. ಹೊಲದಲ್ಲಿದ್ದ ಹುಡುಗನ ಬಳಿಗೆ ಜಂಗಮನೊಬ್ಬನು ಬಂದು ಉಣ್ಣಲು ಕೇಳುತ್ತಾನೆ. ಹುಡುಗನು ಮನೆಗೆ ಓಡಿಹೋಗಿ ಅನ್ನ ತರುವಷ್ಟರಲ್ಲಿ ಬಂದವನು ಕಾಣೆಯಾಗಿರುತ್ತಾನೆ. ಅವನನ್ನು ಅರಸುತ್ತ ಹುಡುಗನು ಶ್ರೀಶೈಲಕ್ಕೆ ಹೊರಟಿದ್ದ ಯಾತ್ರಿಕರ ಜೊತೆ ಸೇರಿಕೊಳ್ಳುತ್ತಾನೆ. ಗುಡಿಯನ್ನು ಮುಟ್ಟಿದಾಗ ಜೊತೆಯವರು ಲಿಂಗವನ್ನು ತೋರಿಸಿ, ಇವನೇ ನಿನ್ನ ಮಲ್ಲಯ್ಯನೆನ್ನುತ್ತಾರೆ. ಹುಡುಗನು ಒಪ್ಪುವುದಿಲ್ಲ. ತನ್ನಲ್ಲಿ ಅನ್ನ ಬೇಡಿದ ಮಲ್ಲಯ್ಯನೇ ಅವನಿಗೆ ಬೇಕು. ಹುಡುಕಿ ಹುಡುಕಿ ಕಾಣದೆ ಕೊನೆಗೆ ಕೊಳ್ಳಕ್ಕೆ ಹಾರಲು ಸಿದ್ಧನಾದಾಗ ದೇವನು ಕೈಹಿಡಿಯುತ್ತಾನೆ.

ಈ ಪ್ರಸಂಗವನ್ನು ಮುಗ್ಧ ಭಕ್ತಿಯ ಉದಾಹರಣೆಯೆಂದು ಓದಿ ಮುಂದೆ ಸಾಗುವುದು ವಾಡಿಕೆ. ಆದರೆ ಕವಿ ಇಲ್ಲಿ ಮಾಡಿರುವುದನ್ನು ಗಮನಿಸಬೇಕು. ಯಾತ್ರೆಯ ಕಥೆಯ ನಟ್ಟನಡುವೆ, ಗರ್ಭಗುಡಿಯ ಎದುರಿನಲ್ಲಿಯೇ, ಕಲ್ಲು ದೇವರಲ್ಲವೆಂಬ ಮಾತನ್ನು ಯಾತ್ರಿಕನಿಂದಲೇ ಆಡಿಸಿದ್ದಾನೆ. ಉಳಿದವರು ದರ್ಶನವಾಯಿತೆಂದು ಕೃತಾರ್ಥರಾಗುತ್ತಾರೆ, ಹುಡುಗನಿಗೆ ದರ್ಶನವಾಗಿಲ್ಲ. ಅವನು ಹುಡುಕುತ್ತಿರುವುದು ಹಸಿದು ಬಂದ ಒಬ್ಬ ವ್ಯಕ್ತಿಯನ್ನು. ಸ್ಥಾವರದ ವಿಮರ್ಶೆ ಇಲ್ಲಿ ಹೊರಗಿನಿಂದ ಬಂದುದಲ್ಲ, ಯಾತ್ರೆಯ ಒಡಲಿನಿಂದಲೇ ಹುಟ್ಟಿದುದು.

ಅಷ್ಟೇ ಮುಖ್ಯವಾದುದು ಮುಂದಿನ ಘಟ್ಟ. ಕಲ್ಲನ್ನು ಒಪ್ಪದ ಹುಡುಗನು ಊರಿಗೆ ಮರಳಿ ಸೊನ್ನಲಿಗೆಯನ್ನೇ ಇನ್ನೊಂದು ಶ್ರೀಶೈಲವನ್ನಾಗಿ ಮಾಡಲು ತೊಡಗುತ್ತಾನೆ. ಗುಡಿ ಕಟ್ಟಿಸುತ್ತಾನೆ, ಕೆರೆ ತೋಡಿಸುತ್ತಾನೆ. ದೂರದ ಕ್ಷೇತ್ರಕ್ಕೆ ಹೋಗಿ ಬಂದವನು ತನ್ನೂರಿಗೆ ನೀರು ತಂದನೆಂಬುದು ಈ ಯಾತ್ರೆಯ ಫಲಶ್ರುತಿ. ಮಳೆಯನ್ನೇ ನೆಚ್ಚಿ ಬದುಕುವ ಈ ಬಯಲು ಸೀಮೆಯವರಿಗೆ ಆ ಫಲದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಇದೇ ಸಿದ್ಧರಾಮನನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಪಾದಿಸಿದ ‘ಶೂನ್ಯಸಂಪಾದನೆ’ ಬೇರೊಂದು ಬೆಳಕಿನಲ್ಲಿ ನಿಲ್ಲಿಸುತ್ತದೆ. ಸೊನ್ನಲಿಗೆಗೆ ಬಂದ ಅಲ್ಲಮಪ್ರಭು, ಸಿದ್ಧರಾಮನನ್ನು ಕಲ್ಲು ಮಣ್ಣು ಹೊರಿಸುವವರ ಒಡೆಯನೆಂಬ ಧಾಟಿಯಲ್ಲಿ ಕೆಣಕುತ್ತಾನೆ. ಕೆರೆಯ ಕೆಲಸಗಾರರು ಕೆರಳಿ ಅವನ ಮೇಲೆ ಕಲ್ಲು ತೂರುತ್ತಾರೆ; ಕಲ್ಲುಗಳು ತಾಗುವುದಿಲ್ಲ. ಸಿದ್ಧರಾಮನ ಕೋಪಾಗ್ನಿಯೂ ಅವನನ್ನು ಸುಡುವುದಿಲ್ಲ. ದೀರ್ಘ ಸಂವಾದದ ನಂತರ ಕೆರೆ ಗುಡಿಗಳ ಪುಣ್ಯವನ್ನು ನೆಚ್ಚಿದ ಕರ್ಮಯೋಗಿ ಸೋತು ಅಲ್ಲಮನೊಡನೆ ಕಲ್ಯಾಣಕ್ಕೆ ಹೊರಡುತ್ತಾನೆ.

ಕನ್ನಡ ವಿಮರ್ಶೆ ಈ ಸಂವಾದದಲ್ಲಿ ಸಾಮಾನ್ಯವಾಗಿ ಅಲ್ಲಮನ ಪಕ್ಷವನ್ನೇ ವಹಿಸಿದೆ. ಅದಕ್ಕೆ ಕಾರಣವೂ ಇದೆ. ಕಟ್ಟಿದವನಿಗೆ ಕಟ್ಟಡದ ಮೇಲೆ ಹುಟ್ಟುವ ಅಭಿಮಾನವನ್ನು ಅಷ್ಟು ನಿಷ್ಠುರವಾಗಿ ಬಯಲಿಗೆಳೆದ ಮಾತು ನಮ್ಮಲ್ಲಿ ಕಡಿಮೆ. ಆದರೂ ಕೃತಿಯೇ ಎತ್ತಿ, ಉತ್ತರಿಸದೆ ಬಿಟ್ಟ ಒಂದು ಪ್ರಶ್ನೆಯಿದೆ. ಕಲ್ಲು ತೂರಿದವರು ಯಾರು? ಬಿಸಿಲಿನಲ್ಲಿ ಮಣ್ಣು ಹೊತ್ತ ಕೂಲಿಯವರು. ತಮ್ಮ ದುಡಿಮೆಯನ್ನು ಹಗುರವಾಗಿ ಕಂಡವನ ಮೇಲೆ ಅವರಿಗೆ ಬಂದ ಸಿಟ್ಟನ್ನು ಸಂಪಾದನಕಾರರು ಅಜ್ಞಾನವೆಂದು ಎಣಿಸಿದರು. ಅವರಲ್ಲಿ ಒಬ್ಬನಿಗೂ ಸಂವಾದದಲ್ಲಿ ಸರದಿ ಸಿಗಲಿಲ್ಲ. ಸಿದ್ಧರಾಮರು ಕಲ್ಯಾಣದಿಂದ ಮರಳಿ ಸೊನ್ನಲಿಗೆಯಲ್ಲಿಯೇ ಸಮಾಧಿಸ್ಥರಾದರೆಂಬುದು ಪರಂಪರೆಯ ನಂಬಿಕೆ. ಗುಡಿಯ ಸುತ್ತ ಕೆರೆ ಇಂದಿಗೂ ಇದೆ. ಅಲ್ಲಮನ ಪ್ರಶ್ನೆಯನ್ನು ಕೇಳಿಸಿಕೊಂಡ ಮೇಲೂ ಊರು ಕೆರೆಯನ್ನು ಬಿಡಲಿಲ್ಲ. ಪ್ರಶ್ನೆ, ಕೆರೆ ಎರಡನ್ನೂ ಇಟ್ಟುಕೊಂಡುದೇ ಈ ನಾಡಿನ ವಿವೇಕವೆಂದು ನಾನು ಓದುತ್ತೇನೆ.

ಕಲ್ಲು ಮತ್ತು ಕೆರೆಯ ಜೊತೆಗೆ ಯಾತ್ರೆಯ ಸಾಹಿತ್ಯದಲ್ಲಿ ಮೂರನೆಯದೊಂದಿದೆ: ಹೊಸ್ತಿಲು. ನಮ್ಮ ಜಿಲ್ಲೆಯದೇ ಆದ ಪಂಢರಪುರವನ್ನು ನೆನೆಯೋಣ. ಪುರಂದರದಾಸರೇ ಮೊದಲಾದ ಹರಿದಾಸರ ಅಂಕಿತಗಳಲ್ಲಿ ನೆಲೆನಿಂತ ವಿಠ್ಠಲನನ್ನು ಮರಾಠಿ ಸಂತರು ಕರ್ನಾಟಕದವನೆಂದು ಅಕ್ಕರೆಯಿಂದ ಕರೆದರು. ಎರಡು ಭಾಷೆಗಳು ಹಂಚಿಕೊಂಡ ದೇವರೆಂದು ನಾವು ಹೆಮ್ಮೆಪಡುವುದು ಸರಿಯೇ. ಆದರೆ ಆ ದೇವರ ಮಹಾದ್ವಾರದ ಎದುರಿಗೆ ಚೋಖಾಮೇಳನ ಸಮಾಧಿಯಿದೆ. ಬದುಕಿದ್ದಾಗ ಒಳಗೆ ಹೋಗಲಾಗದ ಸಂತನು ಬಾಗಿಲಲ್ಲಿಯೇ ಉಳಿದಿದ್ದಾನೆ. ಅವನ ಜನರಿಗಾಗಿ ಆ ಬಾಗಿಲು ತೆರೆಯಲು 1947ರಲ್ಲಿ ಸಾನೆ ಗುರೂಜಿಯವರು ಉಪವಾಸ ಕೂರಬೇಕಾಯಿತು. ಉಡುಪಿಯಲ್ಲಿ ಕನಕದಾಸರು ಹೊರಗೆ ನಿಂತು ಹಾಡಿದಾಗ ದೇವರೇ ತಿರುಗಿದನೆಂಬ ಐತಿಹ್ಯ ನಮಗೆ ಪ್ರಿಯವಾದುದು. ದೇವರು ತಿರುಗಿದನೆಂದು ಸಂತೋಷಪಡುವ ನಾವು, ಬಾಗಿಲು ತೆರೆಯಲಿಲ್ಲವೆಂಬುದನ್ನು ಎಷ್ಟು ಬಾರಿ ಹೇಳುತ್ತೇವೆ? ಕ್ಷೇತ್ರದ ಬಗ್ಗೆ ಬರೆಯುವವನು ಗರ್ಭಗುಡಿಯ ಅಲಂಕಾರವನ್ನಷ್ಟೇ ವರ್ಣಿಸಿ, ಹೊಸ್ತಿಲಾಚೆ ನಿಂತವರನ್ನು ಮರೆತರೆ ಅವನ ದರ್ಶನ ಅರ್ಧದ್ದಾಗುತ್ತದೆ.

ಭಾಷೆಗಳ ಹೊಸ್ತಿಲನ್ನು ಭಕ್ತರು ಹೆಚ್ಚು ಸುಲಭವಾಗಿ ದಾಟಿದ್ದಾರೆ. ಭೀಮಾ ಅಮರಜಾ ಸಂಗಮದ ಗಾಣಗಾಪುರವನ್ನು ಕೇಂದ್ರವಾಗಿಟ್ಟುಕೊಂಡ ‘ಗುರುಚರಿತ್ರ’ ಮರಾಠಿಯ ಗ್ರಂಥ. ಆದರೆ ಅದರೊಳಗೆ ಕನ್ನಡದ ಪದಗಳೂ ಸೇರಿವೆ. ಪಾರಾಯಣ ಮಾಡುವ ಮರಾಠಿ ಮನೆಗಳು ಅವನ್ನು ಕನ್ನಡದಲ್ಲಿಯೇ ಓದುತ್ತವೆ. ಅದೇ ಗ್ರಂಥದಲ್ಲಿ, ಗುರುವಿನ ಸೇವೆ ಮಾಡಿದ ಅಗಸನು ಮರುಜನ್ಮದಲ್ಲಿ ಬೀದರಿನ ಮುಸ್ಲಿಂ ಅರಸನಾಗಿ ಗುರುವನ್ನು ಅರಸಿ ಬರುವ ಕಥೆಯಿದೆ. ಅರಸನನ್ನು ಪರಕೀಯನೆಂದು ಕರೆಯುವ ಗ್ರಂಥವೇ ಅವನನ್ನು ಹಳೆಯ ಶಿಷ್ಯನೆಂದೂ ಕರೆಯುತ್ತದೆ. ಈ ಇಬ್ಬಂದಿತನವನ್ನು ಮುಚ್ಚಿಡದೆ ಓದುವುದು ವಿಮರ್ಶೆಯ ಕರ್ತವ್ಯ.

ಬೀದರಿನ ಬಳಿಯ ಅಷ್ಟೂರಿನಲ್ಲಿ ಇದಕ್ಕೆ ಪ್ರತಿಯಾದ ಚಿತ್ರವಿದೆ. ಬಹಮನಿ ಸುಲ್ತಾನ ಅಹಮದ್ ಷಾ ವಲಿ 1436ರಲ್ಲಿ ತೀರಿಕೊಂಡನು. ಅವನನ್ನು ಮುಸ್ಲಿಮರು ವಲಿಯೆಂದು ಗೌರವಿಸಿದರೆ, ಅನೇಕ ಹಿಂದೂ ಭಕ್ತರು ಅಲ್ಲಮಪ್ರಭುವಿನ ಅವತಾರವೆಂದು ನಂಬುತ್ತಾರೆ. ಹೋಳಿಯ ನಂತರ ನಡೆಯುವ ಅಲ್ಲಿನ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ. ಗೋರಿಯ ಮುಂದೆ ಶಂಖ ಮೊಳಗುತ್ತದೆ, ತೆಂಗಿನಕಾಯಿ ಒಡೆಯುತ್ತದೆ. ಸೊನ್ನಲಿಗೆಯಲ್ಲಿ ಕಲ್ಲನ್ನು ಪ್ರಶ್ನಿಸಿದ ಅಲ್ಲಮನು ಅಷ್ಟೂರಿನಲ್ಲಿ ಸುಲ್ತಾನನ ಕಲ್ಲಿನ ಗೋರಿಯಲ್ಲಿ ಪೂಜೆಗೊಳ್ಳುತ್ತಾನೆ. ಇದನ್ನು ಜನರ ಅಜ್ಞಾನವೆಂದು ನಗಬಹುದು. ಸ್ಥಾವರವಾಗಲೊಲ್ಲದ ತತ್ತ್ವವೊಂದನ್ನು ಜನ ತಮ್ಮ ಕೈಗೆಟುಕುವಂತೆ ಇರಿಸಿಕೊಂಡ ಬಗೆಯೆಂದೂ ತಿಳಿಯಬಹುದು. ಎರಡನೆಯ ಓದು ಹೆಚ್ಚು ದೂರ ಕರೆದೊಯ್ಯುತ್ತದೆ.

ಇಂಥ ಎಡೆಗಳ ಬಗ್ಗೆ ಬರೆಯುವುದು ಹೇಗೆ? ನಮ್ಮ ಪತ್ರಿಕೆಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿಯೂ, ಪ್ರಕಟವಾಗುವ ಯಾತ್ರಾ ಲೇಖನಗಳಿಗೆ ಒಂದು ಅಚ್ಚು ಸಿದ್ಧವಾಗಿದೆ. ಒಂದು ಗುಡಿ, ಒಂದು ದರ್ಗಾ, ಒಂದು ಇಗರ್ಜಿ, ಒಂದು ಬಸದಿ, ಸಾಧ್ಯವಾದರೆ ಬೀದರಿನ ನಾನಕ್ ಝೀರಾ ಗುರುದ್ವಾರ. ಪ್ರತಿಯೊಂದಕ್ಕೂ ನಾಲ್ಕು ಸಾಲಿನ ಸ್ಥಳಪುರಾಣ, ಊಟ ವಸತಿಯ ವಿವರ. ಕೊನೆಯಲ್ಲಿ ಎಲ್ಲ ದೇವರೂ ಒಂದೇ ಎಂಬ ಭಾವೈಕ್ಯದ ಮುಕ್ತಾಯ. ಬರೆದವರ ಸದುದ್ದೇಶದಲ್ಲಿ ಸಂದೇಹವಿಲ್ಲ. ಆದರೆ ಆ ಬರಹದಲ್ಲಿ ಒಬ್ಬ ಮನುಷ್ಯನೂ ಎದುರಾಗುವುದಿಲ್ಲ. ಗೋರಿಗೆ ಚಾದರ ಹೊದಿಸುವವನ ಮಾತಿಲ್ಲ, ಮಗುವಿನ ಜ್ವರಕ್ಕೆ ತಾಯತ ಕಟ್ಟಿಸಲು ಬಂದ ತಾಯಿಯಿಲ್ಲ. ಎಲ್ಲವೂ ಒಂದೇ ಎಂದು ಬೇಗನೆ ಹೇಳಿದವನು ಯಾವುದನ್ನೂ ನಿಂತು ನೋಡಬೇಕಾಗಿಲ್ಲ. ಜೊತೆಯ ಯಾತ್ರಿಕರು ಬಾಲಕ ಸಿದ್ಧರಾಮನಿಗೆ ಲಿಂಗ ತೋರಿಸಿ ತೃಪ್ತರಾದಂತೆ ಅವನೂ ತೃಪ್ತನಾಗುತ್ತಾನೆ.

ಇದಕ್ಕಿಂತ ಭಿನ್ನವಾದ ಮಾರ್ಗವನ್ನು ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ತೋರಿಸಿಕೊಟ್ಟಿತು. ದರ್ಗಾ ಗದ್ದುಗೆಗಳಿಗೆ ತಾವೇ ಹೋಗಿ, ಅಲ್ಲಿನವರ ನಂಬಿಕೆ ಆಚರಣೆಗಳನ್ನು ಅವರ ಮಾತಿನಲ್ಲಿಯೇ ಕೇಳಿಸಿಕೊಳ್ಳುವ ಕ್ರಮ ಅದು. ಅಲ್ಲಿ ಸೌಹಾರ್ದವು ಘೋಷಣೆಯಾಗಿ ಬರುವುದಿಲ್ಲ. ದಿನದಿನದ ಕೊಡುಕೊಳೆಯಾಗಿ, ಒಮ್ಮೊಮ್ಮೆ ಜಗಳವಾಗಿಯೂ ಕಾಣಿಸಿಕೊಳ್ಳುತ್ತದೆ. ಇಂಥ ಬರವಣಿಗೆಗೂ ಒಂದು ಅಪಾಯವಿದೆ: ಬೆರಕೆಯನ್ನು ಹುಡುಕಿ ಹೊರಟವನಿಗೆ ಎಲ್ಲೆಲ್ಲೂ ಬೆರಕೆಯೇ ಕಂಡೀತು, ಬೇರ್ಪಡೆಯ ನೋವು ಕಣ್ತಪ್ಪೀತು. ಕೇಳಿಸಿಕೊಳ್ಳುವ ತಾಳ್ಮೆಯೊಂದೇ ಅದಕ್ಕೆ ಮದ್ದು.

ಗಡಿಯಾಚೆಯ ಕನ್ನಡಿಗರಾದ ನಮಗೆ ಇದು ಬರಿಯ ಶೈಲಿಯ ಚರ್ಚೆಯಲ್ಲ. ಪ್ರತಿಯೊಂದು ಗದ್ದುಗೆಯನ್ನೂ ಇದು ಯಾರದೆಂದು ಪ್ರಶ್ನಿಸುವ ಕಾಲವಿದು. ಎರಡು ಹೆಸರಿನ ದೇವರಿಗೆ ಒಂದೇ ಹೆಸರು ಉಳಿಯುವುದು ಯಾರೋ ಅಳಿಸಿದ್ದರಿಂದ ಮಾತ್ರವಲ್ಲ, ಇನ್ನೊಂದು ಹೆಸರಿನಿಂದ ಕರೆಯುವವರು ಇಲ್ಲವಾದಾಗಲೂ ಹೌದು. ನಮ್ಮ ಮಕ್ಕಳು ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಓದುತ್ತಾರೆ, ಅದರಲ್ಲಿ ತಪ್ಪಿಲ್ಲ. ಆದರೆ ಅಜ್ಜಿ ಉರುಸಿಗೆ ಹೊರಟಾಗ ಹೇಳುತ್ತಿದ್ದ ಹರಕೆಯ ಮಾತು, ನಂದಿಧ್ವಜ ಮನೆಯ ಮುಂದೆ ಬಂದಾಗ ತಾಯಿ ನೀರೆರೆದು ಆಡುತ್ತಿದ್ದ ಮಾತು ಕನ್ನಡದಲ್ಲಿದ್ದವು. ಯಾವ ಸ್ಥಳಪುರಾಣದಲ್ಲಿಯೂ ಅವು ಅಚ್ಚಾಗಿಲ್ಲ.

ಆದ್ದರಿಂದ ಸಂಘದ ಸದಸ್ಯರಲ್ಲಿ ಒಂದು ವಿನಂತಿ. ಮುಂದಿನ ಸಂಚಿಕೆಗೆ ಯಾತ್ರಾ ಲೇಖನ ಬರೆಯುವವರು ಹತ್ತು ಕ್ಷೇತ್ರಗಳ ಪಟ್ಟಿಯನ್ನು ಬದಿಗಿಟ್ಟು, ತಮ್ಮ ಮನೆಯವರು ತಲೆಮಾರುಗಳಿಂದ ನಡೆದುಕೊಳ್ಳುವ ಒಂದೇ ಎಡೆಯ ಬಗ್ಗೆ ಬರೆಯಲಿ. ಅಲ್ಲಿ ಯಾರು ಕಸ ಗುಡಿಸುತ್ತಾರೆ, ಯಾರು ಎಣ್ಣೆ ತರುತ್ತಾರೆ, ಯಾರು ಹೊರಗೆ ನಿಲ್ಲುತ್ತಾರೆ, ಯಾವ ಭಾಷೆಯಲ್ಲಿ ಬೇಡಿಕೊಳ್ಳುತ್ತಾರೆ ಎಂಬುದನ್ನು ಹಿರಿಯರನ್ನು ಕೇಳಿ ಬರೆಯಲಿ. ಕೇಳಬೇಕಾದ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.